ಹಾಸನದಲ್ಲಿ ಸ್ಕ್ಯಾನ್ ಮುಗಿಯುವಷ್ಟರಲ್ಲಿ ಐದೂವರೆ ಗಂಟೆ ಕಳೆದಿತ್ತು: ಲಕ್ವ ಹೊಡೆದ ದಿನ ನಮ್ಮ ಸಮಯ ಎಲ್ಲಿ ಹೋಯಿತು?

ಕಾಫಿ ಕಣ | ಮೂಡಿಗೆರೆ ತಾಲ್ಲೂಕು | ಸೋಮವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಲಕ್ವ ಹೊಡೆದು ನಾಳೆಗೆ ನಾಲ್ಕು ತಿಂಗಳು. ಬಲಗೈ ಇನ್ನೂ ಸ್ವಾಧೀನಕ್ಕೆ ಬಂದಿಲ್ಲ. ಕಾಲು ಎಳೆದುಕೊಂಡು ನಡೆಯುತ್ತಾರೆ. ಮಾತು ನಾಲ್ಕೈದು ಪದ ಮಾತ್ರ. ಮೂವತ್ತೊಂದು ವರ್ಷ ತೋಟದಲ್ಲಿ ರೈಟರ್ ಆಗಿ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಬರೆದ ಕೈ ಅದು. ಆಳುಗಳ ಹೆಸರೆಲ್ಲ ಬಾಯಿಪಾಠ ಇತ್ತು. ಈಗ ನನ್ನ ಹೆಸರು ಕರೆಯಲು ಹೋಗಿ "ಅದು... ಅದು..." ಎಂದು ನಿಲ್ಲಿಸಿಬಿಡುತ್ತಾರೆ. ಹೇಳಬೇಕಾದದ್ದು ತಲೆಯಲ್ಲಿದೆ, ಪದ ಸಿಗುತ್ತಿಲ್ಲ. ಕಣ್ಣು ನೋಡಿದರೆ ಗೊತ್ತಾಗುತ್ತದೆ.

ಸಮಾಧಾನ ಕೇಳಲು ಇದನ್ನು ಬರೆಯುತ್ತಿಲ್ಲ. ಆ ದಿನದ ಒಂದೊಂದು ನಿಮಿಷವನ್ನೂ ಅಮ್ಮನನ್ನು, ಡ್ರೈವರನ್ನು ಕೇಳಿ ಕೂಡಿಸಿದ್ದೇನೆ. ನೀವೂ ಓದಿ.

ಬೆಳಿಗ್ಗೆ 6:15ಕ್ಕೆ ಅಮ್ಮ ಕಾಫಿ ಕೊಟ್ಟಾಗ ಚೆನ್ನಾಗಿದ್ದರು. 6:40ಕ್ಕೆ ಲೋಟ ಕೈಜಾರಿತು. "ಜೋಮು ಹಿಡಿದಿದೆ" ಎಂದರಂತೆ, ಮಾತು ತೊದಲುತ್ತಿತ್ತಂತೆ. ಬಿ.ಪಿ. ಜಾಸ್ತಿ ಆಗಿರಬೇಕು ಎಂದು ಅಮ್ಮ ಮಾತ್ರೆ ಕೊಟ್ಟು ಮಲಗಿಸಿದರು. 7:30ಕ್ಕೆ ಏಳಲು ಹೋಗಿ ಬಿದ್ದರು. ನಮ್ಮಲ್ಲಿ ಕಣದ ಮೂಲೆಗೆ ಹೋಗಿ ನಿಂತರೆ ಮಾತ್ರ ಫೋನ್ ಸಿಗುತ್ತದೆ. ಜೀಪಿನ ಕೀ ಬಂಗ್ಲೆಯಲ್ಲಿತ್ತು. ಜೀಪು ಹೊರಟಾಗ 8:05. ಹತ್ತಿರದ ಕ್ಲಿನಿಕ್ಕಿಗೆ 8:30. ಅಲ್ಲಿ ಡ್ರಿಪ್ ಹಾಕಿ "ಸ್ವಲ್ಪ ನೋಡೋಣ" ಎಂದರು. 9:20ಕ್ಕೆ ಬೇರೆ ಕಡೆ ಹೋಗಿ ಎಂದರು. ಎರಡನೇ ಆಸ್ಪತ್ರೆಗೆ 9:35. ಚೀಟಿ, ಇ.ಸಿ.ಜಿ., ರಕ್ತ ಪರೀಕ್ಷೆ. ಅಲ್ಲಿ ಸಿ.ಟಿ. ಸ್ಕ್ಯಾನ್ ಇಲ್ಲ ಎಂದು ನಮಗೆ ತಿಳಿದದ್ದು 10:10ಕ್ಕೆ. ಹಾಸನಕ್ಕೆ 11:25. ಸ್ಕ್ಯಾನ್ ಮುಗಿದಾಗ 11:45.

ಹಾಸನದ ಡಾಕ್ಟರ್ ಮೊದಲು ಕೇಳಿದ್ದು ಒಂದೇ. "ಇವರು ಚೆನ್ನಾಗಿದ್ದದ್ದನ್ನು ಕೊನೆಗೆ ನೋಡಿದವರು ಯಾರು, ಆಗ ಗಂಟೆ ಎಷ್ಟು?" 6:15 ಎಂದೆವು. ಅವರು ಬೆರಳಲ್ಲಿ ಲೆಕ್ಕ ಹಾಕಿ ಸುಮ್ಮನಾದರು. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವುದು ನಾಲ್ಕೂವರೆ ಗಂಟೆ. ಅದು 10:45ಕ್ಕೇ ಮುಗಿದಿತ್ತು.

ದಾರಿಯಲ್ಲಿ ಕಳೆದದ್ದು ಎರಡು ಗಂಟೆಗೂ ಕಡಿಮೆ. ಉಳಿದ ಮೂರೂವರೆ ಗಂಟೆ ನಿಂತಲ್ಲಿ, ಕೂತಲ್ಲಿ ಹೋಯಿತು. ಮಲೆನಾಡಿನ ರಸ್ತೆಯನ್ನು ಬೈಯುತ್ತೇವೆ. ನಮ್ಮಪ್ಪನ ಲೆಕ್ಕದಲ್ಲಿ ರಸ್ತೆಯ ತಪ್ಪು ಕಡಿಮೆ. ನಿಮ್ಮ ಮನೆಗಳಲ್ಲಿ ಹೀಗೆ ಆಗಿದ್ದರೆ, ಸಮಯ ಎಲ್ಲಿ ಹೋಯಿತು ಎಂದು ದಯವಿಟ್ಟು ಬರೆಯಿರಿ.

ಹೇಮಾವತಿ ದಂಡೆ | ಹಾಸನ | ಸೋಮವಾರ ರಾತ್ರಿ 9:48

ಅಕ್ಕ, ಓದಿ ಕಣ್ಣು ತುಂಬಿತು. ನಮ್ಮ ಮನೆಯಲ್ಲಿ ಇದಕ್ಕೆ ತದ್ವಿರುದ್ಧ ಆಯಿತು. ಅದೂ ಇಲ್ಲಿ ಇರಲಿ ಎಂದು ಬರೆಯುತ್ತೇನೆ.

ಅವರೆಕಾಯಿ ಕಾಲದಲ್ಲಿ ಅಮ್ಮ ಸಂಜೆ ಕಾಯಿ ಬಿಡಿಸುತ್ತಾ ಕೂತಿದ್ದರು. ಮಾತಾಡುತ್ತಿದ್ದವರು ಇದ್ದಕ್ಕಿದ್ದಂತೆ ಸುಮ್ಮನಾದರು. ಬಾಯಿ ಒಂದು ಕಡೆ ಎಳೆದಿತ್ತು. ನಮ್ಮ ಅತ್ತಿಗೆ ಆಶಾ ಕಾರ್ಯಕರ್ತೆ. "ಎರಡೂ ಕೈ ಎತ್ತಿ" ಎಂದರು. ಎಡಗೈ ಏಳಲಿಲ್ಲ. ಅತ್ತಿಗೆ ಗಡಿಯಾರ ನೋಡಿದರು, 4:20. ಯಾರನ್ನೂ ಕೇಳಲಿಲ್ಲ, ಆಟೋ ಕರೆದರು. ಹೋಗ್ತಾ ಹೋಗ್ತಾ ಆಸ್ಪತ್ರೆಗೆ ಫೋನ್ ಮಾಡಿ "ಸ್ಟ್ರೋಕ್ ಕೇಸ್ ತರ್ತಿದ್ದೀವಿ, 4:20ಕ್ಕೆ ಶುರುವಾಗಿದೆ" ಎಂದರು. 4:50ಕ್ಕೆ ಗೇಟು. ಸ್ಟ್ರೆಚರ್ ನೇರ ಸ್ಕ್ಯಾನ್ ರೂಮಿಗೆ ಹೋಯಿತು. 5:35ಕ್ಕೆ ಇಂಜೆಕ್ಷನ್. ರಾತ್ರಿ ಹತ್ತಕ್ಕೆ ಬೆರಳು ಆಡಿಸಿದರು. ಐದನೇ ದಿನ ಮನೆಗೆ ಬಂದರು. ಈಗ ತುಂಬಿದ ಬಿಂದಿಗೆ ಎಡಗೈಲಿ ಎತ್ತುವುದಿಲ್ಲ, ಅಷ್ಟೇ.

ನಾವು ಊರೊಳಗೆ ಇದ್ದೆವು, ಅದೂ ನಿಜ. ಆದರೆ ಅತ್ತಿಗೆ ಆ ಹೊತ್ತಿಗೆ ಮನೆಯಲ್ಲಿ ಇಲ್ಲದಿದ್ದರೆ ನಾವೂ ಬಿ.ಪಿ. ಮಾತ್ರೆ ಕೊಟ್ಟು ಮಲಗಿಸುತ್ತಿದ್ದೆವು.

ಬೇಲೂರು ಮೇಷ್ಟ್ರು | ಬೇಲೂರು | ಸೋಮವಾರ ರಾತ್ರಿ 10:25

ನನ್ನ ಅನುಭವ ಬೇರೆ. ಆ ಇಂಜೆಕ್ಷನ್ ಕೊಟ್ಟ ರಾತ್ರಿಯೇ ನಮ್ಮ ಭಾವನಿಗೆ ತಲೆಯೊಳಗೆ ರಕ್ತಸ್ರಾವ ಆಯಿತು. ಮೂರನೇ ದಿನ ತೀರಿಕೊಂಡರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವನು ನಾನು. ಅಕ್ಕನಿಗೆ ಈಗಲೂ ಮುಖ ಕೊಟ್ಟು ಮಾತಾಡಲು ಆಗುವುದಿಲ್ಲ. ಓಡಿ ಓಡಿ ಎಂದು ಎಲ್ಲರೂ ಹೇಳುತ್ತಾರೆ. ಓಡಿ ಹೋಗಿ ಕಳೆದುಕೊಂಡವರೂ ಇದ್ದೇವೆ. ತಿಳಿದವರು ಯಾರಾದರೂ ಇದ್ದರೆ ಸರಿಯಾಗಿ ಹೇಳಿ. ಆ ಔಷಧಿಯಿಂದ ಒಳ್ಳೆಯದಾಗುವುದು ಎಷ್ಟು, ಕೆಟ್ಟದ್ದಾಗುವುದು ಎಷ್ಟು?

ತುರ್ತು ವಾರ್ಡ್ | ಚಿಕ್ಕಮಗಳೂರು | ಮಂಗಳವಾರ ಬೆಳಿಗ್ಗೆ 6:30

ನಾನು ಫಿಸಿಷಿಯನ್. ಇಲ್ಲಿ ಬರೆಯುವುದು ಎಲ್ಲರಿಗೂ ಅನ್ವಯಿಸುವ ಮಾತು. ಯಾವ ಒಬ್ಬ ರೋಗಿಯ ಬಗ್ಗೆಯೂ ತೀರ್ಪು ಕೊಡುತ್ತಿಲ್ಲ.

ಮೇಷ್ಟ್ರೇ, ನಿಮ್ಮ ಭಯ ಸುಳ್ಳಲ್ಲ. ಅದನ್ನು ಮುಚ್ಚಿಟ್ಟು ಈ ಔಷಧಿಯ ಬಗ್ಗೆ ಮಾತಾಡಬಾರದು. 1995ರಲ್ಲಿ ಅಮೆರಿಕದ ಎನ್‌ಐಎನ್‌ಡಿಎಸ್ ಅಧ್ಯಯನ ಹೊರಬಂತು. 624 ರೋಗಿಗಳು. ಅರ್ಧ ಜನರಿಗೆ ಮೂರು ಗಂಟೆಯೊಳಗೆ ಆಲ್ಟಿಪ್ಲೇಸ್ ಎಂಬ ಹೆಪ್ಪು ಕರಗಿಸುವ ಔಷಧಿ ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ತೊಂದರೆ ಕೊಡುವಂಥ ರಕ್ತಸ್ರಾವ ಔಷಧಿ ಪಡೆದವರಲ್ಲಿ ಶೇ. 6.4, ಪಡೆಯದವರಲ್ಲಿ ಶೇ. 0.6. ಹತ್ತು ಪಟ್ಟು ಜಾಸ್ತಿ. ಹಾಗಿದ್ದರೂ ಮೂರು ತಿಂಗಳಲ್ಲಿ ತೀರಿಕೊಂಡವರು ಔಷಧಿ ಪಡೆದವರಲ್ಲಿ ಶೇ. 17, ಪಡೆಯದವರಲ್ಲಿ ಶೇ. 21. ಪೂರ್ತಿ ಅಥವಾ ಬಹುತೇಕ ಚೇತರಿಸಿದವರು ಔಷಧಿ ಪಡೆದ ಕಡೆಯೇ ಜಾಸ್ತಿ. ಅಂದರೆ ನೂರು ಜನರನ್ನು ಸಾಲಾಗಿ ನಿಲ್ಲಿಸಿ ನೋಡಿದರೆ ಔಷಧಿ ಒಳ್ಳೆಯದೇ ಮಾಡುತ್ತದೆ. ಆ ನೂರರಲ್ಲಿ ಐದಾರು ಜನರಿಗೆ ನಿಮ್ಮ ಭಾವನಿಗೆ ಆದಂಥ ರಕ್ತಸ್ರಾವ ಆಗುತ್ತದೆ. ನೀವು ಸಹಿ ಹಾಕಿದ್ದು ತಪ್ಪಲ್ಲ. ಆ ಹೊತ್ತಿನಲ್ಲಿ ನಿಮ್ಮ ಮುಂದೆ ಇದ್ದ ವಿಷಯಕ್ಕೆ ಅದೇ ಸರಿಯಾದ ಸಹಿ.

ಈಗ ಸಮಯದ ಮಾತು. 2014ರಲ್ಲಿ ಒಂಬತ್ತು ಅಧ್ಯಯನಗಳ 6,756 ರೋಗಿಗಳ ಲೆಕ್ಕವನ್ನು ಒಟ್ಟು ಮಾಡಿ ನೋಡಿದರು. ಮೂರು ಗಂಟೆಯೊಳಗೆ ಔಷಧಿ ಸಿಕ್ಕಿದರೆ ನೂರಕ್ಕೆ 33 ಜನ ಚೆನ್ನಾಗಿ ಚೇತರಿಸಿದರು, ಸಿಗದಿದ್ದರೆ 23. ಮೂರರಿಂದ ನಾಲ್ಕೂವರೆ ಗಂಟೆಯಾದರೆ 35ಕ್ಕೆ ಎದುರು 30. ಅದನ್ನೂ ದಾಟಿದರೆ 33ಕ್ಕೆ ಎದುರು 31. ಹತ್ತರ ಅಂತರ ಐದಾಯಿತು, ಆಮೇಲೆ ಎರಡಾಯಿತು. ರಕ್ತಸ್ರಾವದ ಅಪಾಯ ಮಾತ್ರ ಬೇಗ ಕೊಟ್ಟರೂ ತಡವಾಗಿ ಕೊಟ್ಟರೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಇದನ್ನು ಮನೆಯವರಿಗೆ ಬಿಡಿಸಿ ಹೇಳಲು ನಮಗೆ ಅಲ್ಲಿ ಪುರುಸೊತ್ತು ಇರುವುದಿಲ್ಲ, ಅದಕ್ಕೆ ಇಲ್ಲಿ ಹೇಳುತ್ತಿದ್ದೇನೆ. ತಡವಾದಷ್ಟೂ ಅಪಾಯ ಅಲ್ಲೇ ಇರುತ್ತದೆ, ಲಾಭ ಕರಗುತ್ತಾ ಹೋಗುತ್ತದೆ. ನಾಲ್ಕೂವರೆ ಗಂಟೆ ಇದೆ ಎಂದು ನಿಧಾನ ಮಾಡುವುದು ದೊಡ್ಡ ತಪ್ಪು. ಹೇಮಾವತಿ ದಂಡೆಯವರ ತಾಯಿಗೆ ಸಿಕ್ಕಿದ್ದು 75ನೇ ನಿಮಿಷಕ್ಕೆ. ಮೊದಲ ಒಂದೂವರೆ ಗಂಟೆಯಲ್ಲಿ ಕೊಟ್ಟರೆ ನಾಲ್ಕೈದು ಜನರಲ್ಲಿ ಒಬ್ಬರು ಇದರಿಂದಲೇ ಪೂರ್ತಿ ಅಥವಾ ಬಹುತೇಕ ಚೇತರಿಸುತ್ತಾರೆ. ಕೊನೆಯ ಒಂದೂವರೆ ಗಂಟೆಯಲ್ಲಿ ಹದಿನಾಲ್ಕು ಜನಕ್ಕೆ ಕೊಟ್ಟರೆ ಒಬ್ಬರು.

ಯಾಕೆ ಹೀಗೆ? ತೋಟದವರಿಗೆ ಕಾಫಿ ಮೊಗ್ಗು ಅರಳಿಸುವ ಹೂಮಳೆ ಗೊತ್ತಲ್ವಾ. ಮಳೆ ತಡವಾದರೆ ಮೊಗ್ಗು ಕೆಲವು ದಿನ ಕಾಯುತ್ತದೆ, ಆಮೇಲೆ ಒಣಗುತ್ತದೆ. ಒಣಗಿದ ಮೇಲೆ ಎಷ್ಟು ಸ್ಪ್ರಿಂಕ್ಲರ್ ಹಾಕಿದರೂ ಅರಳುವುದಿಲ್ಲ. ಮೆದುಳಿನಲ್ಲಿ ರಕ್ತನಾಳ ಮುಚ್ಚಿದಾಗ ನಟ್ಟನಡುವಿನ ಭಾಗ ಬೇಗ ಸಾಯುತ್ತದೆ. ಅದರ ಸುತ್ತಲಿನ ಭಾಗ ಕೆಲಸ ನಿಲ್ಲಿಸಿರುತ್ತದೆ, ಆದರೆ ಬದುಕಿರುತ್ತದೆ. ನಾವು ಓಡುವುದು ಆ ಕಾಯುತ್ತಿರುವ ಭಾಗಕ್ಕಾಗಿ. ದೊಡ್ಡ ನಾಳ ಮುಚ್ಚಿದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಎಂದು 2006ರಲ್ಲಿ ಒಬ್ಬರು ಲೆಕ್ಕ ಹಾಕಿದ್ದರು. ಅದು ಸರಾಸರಿ. ಪಕ್ಕದ ಸಣ್ಣ ನಾಳಗಳಿಂದ ರಕ್ತ ಬರುತ್ತಿದ್ದರೆ ಕೆಲವರಿಗೆ ನಿಧಾನ, ಇಲ್ಲದಿದ್ದರೆ ಬಹಳ ಬೇಗ. ಹೊರಗಿನಿಂದ ನೋಡಿ ಯಾರು ಯಾವ ಥರ ಎಂದು ಹೇಳಲು ಆಗುವುದಿಲ್ಲ.

ಬೇಲೂರು ಮೇಷ್ಟ್ರು | ಬೇಲೂರು | ಮಂಗಳವಾರ ಬೆಳಿಗ್ಗೆ 7:15

ಡಾಕ್ಟರೇ, ಇದನ್ನು ಅಕ್ಕನಿಗೆ ಓದಿ ಹೇಳುತ್ತೇನೆ. ಇಷ್ಟು ವರ್ಷದಲ್ಲಿ ಯಾರೂ ಹೀಗೆ ಕೂತು ಹೇಳಿರಲಿಲ್ಲ.

ಇನ್ನೊಂದು ಕೇಳಲೇ? ಬಿ.ಪಿ. 200 ಇದ್ದರೂ ಮನೆಯಲ್ಲಿ ಮಾತ್ರೆ ಕೊಡಬಾರದೇ? ಅದು ಇನ್ನೂ ಏರಿದರೆ?

ರಾತ್ರಿ ಪಾಳಿ | ಹಾಸನ | ಮಂಗಳವಾರ ಬೆಳಿಗ್ಗೆ 8:40

ಸರ್, ನಾನು ಸ್ಟಾಫ್ ನರ್ಸ್. ಡ್ಯೂಟಿ ಮುಗಿಸಿ ಬಸ್ಸಿನಲ್ಲಿದ್ದೇನೆ, ನಾನೇ ಹೇಳುತ್ತೇನೆ. ಕೊಡಬಾರದು. ನಾಳ ಮುಚ್ಚಿದಾಗ ಹೇಗಾದರೂ ರಕ್ತ ನೂಕಲು ದೇಹವೇ ಬಿ.ಪಿ. ಏರಿಸಿರುತ್ತದೆ. ನೀವು ಒಮ್ಮೆಲೇ ಇಳಿಸಿದರೆ ಡಾಕ್ಟರ್ ಹೇಳಿದ ಆ ಕಾಯುತ್ತಿರುವ ಭಾಗಕ್ಕೆ ಬರುತ್ತಿದ್ದ ಅಷ್ಟಿಷ್ಟು ರಕ್ತವೂ ನಿಲ್ಲುತ್ತದೆ. ಇಂಜೆಕ್ಷನ್ ಕೊಡಬೇಕಾದರೆ 185/110ರ ಕೆಳಗೆ ತರಬೇಕು, ನಿಜ. ಅದನ್ನು ನಾವು ಮಾನಿಟರ್ ನೋಡಿಕೊಂಡು, ರಕ್ತನಾಳದ ಮೂಲಕ ಔಷಧಿ ಕೊಟ್ಟು ನಿಧಾನಕ್ಕೆ ಮಾಡುತ್ತೇವೆ.

ಎರಡನೆಯದು, ನುಂಗುವುದು. ಲಕ್ವ ಆದವರಿಗೆ ಗಂಟಲೂ ಸರಿಯಾಗಿ ಕೆಲಸ ಮಾಡದೇ ಇರಬಹುದು. ಮಾತ್ರೆ, ನೀರು, ಕಾಫಿ, ಗ್ಲೂಕೋಸ್ ನೀರು ಯಾವುದು ಕೊಟ್ಟರೂ ಶ್ವಾಸಕೋಶಕ್ಕೆ ಇಳಿಯಬಹುದು. ಸ್ಟ್ರೋಕ್ ಚೆನ್ನಾಗಿ ನಿಭಾಯಿಸಿ, ಆಮೇಲೆ ನ್ಯುಮೋನಿಯಾದಲ್ಲಿ ಕಳೆದುಕೊಂಡವರನ್ನು ನೋಡಿದ್ದೇನೆ. ಅದು ಬಹಳ ನೋವು ಕೊಡುತ್ತದೆ.

ಹಾರ್ಟ್ ಅಟ್ಯಾಕ್ ಎಂದು ಆಸ್ಪಿರಿನ್ ಅಗಿಸುತ್ತಾರಲ್ಲ, ಅದೂ ಇಲ್ಲಿ ಬೇಡ. ಕೆಲವರಿಗೆ ನಾಳ ಮುಚ್ಚಿ ಲಕ್ವ ಆಗುತ್ತದೆ, ಕೆಲವರಿಗೆ ನಾಳ ಒಡೆದು ಆಗುತ್ತದೆ. ಮುಖ ನೋಡಿ ಗೊತ್ತಾಗುವುದಿಲ್ಲ, ಸಿ.ಟಿ. ಬೇಕೇ ಬೇಕು. ಬೆರಳ ತುದಿಗೆ ಸೂಜಿ ಚುಚ್ಚಿ ರಕ್ತ ತೆಗೆಯಿರಿ ಎಂಬ ವಾಟ್ಸಾಪ್ ಮೆಸೇಜ್ ವರ್ಷಕ್ಕೆ ಎರಡು ಸಲ ಸುತ್ತುತ್ತದೆ. ಹತ್ತೂ ಬೆರಳಿಗೆ ಚುಚ್ಚಿಸಿಕೊಂಡು ಬಂದ ಅಜ್ಜಿಯೊಬ್ಬರನ್ನು ನಾನೇ ಒಳಗೆ ಕರೆದುಕೊಂಡಿದ್ದೇನೆ. ಅದಕ್ಕೆ ಅರ್ಧ ಗಂಟೆ ಹೋಗಿತ್ತು.

ಕಾಫಿ ಕಣ ಅಕ್ಕ, ನಿಮ್ಮ ಅಮ್ಮ ಮಾತ್ರೆ ಕೊಟ್ಟದ್ದನ್ನು ಅವರ ಮುಂದೆ ಎತ್ತಬೇಡಿ. ನಮ್ಮ ಮನೆಯಲ್ಲೇ ಆದಾಗ, ನಾನು ಊರಲ್ಲಿ ಇರಲಿಲ್ಲ, ನಮ್ಮಮ್ಮನೂ ಅದನ್ನೇ ಮಾಡಿದ್ದರು.

ಮಗ ಬೆಂಗಳೂರಲ್ಲಿ | ಸಕಲೇಶಪುರದವನು | ಮಂಗಳವಾರ ಮಧ್ಯಾಹ್ನ 1:05

ಚೆನ್ನಾಗಿದ್ದದ್ದನ್ನು ಕೊನೆಗೆ ನೋಡಿದ್ದು ಯಾವಾಗ ಎಂಬ ಪ್ರಶ್ನೆ ಬಂತಲ್ಲ, ಅದರ ಬಗ್ಗೆ ಹೇಳಲೇಬೇಕು.

ಅಮ್ಮ ಬೆಳಿಗ್ಗೆ ಆರೂವರೆಗೆ ಎದ್ದಾಗ ಒಂದು ಕಡೆ ಕೈಕಾಲು ಬಿದ್ದಿತ್ತು. ಪಕ್ಕದ ಮನೆಯ ಅಣ್ಣ ಕಾರು ತೆಗೆದರು. 7:40ಕ್ಕೆ ಹಾಸನ. ರಾತ್ರಿ ಹತ್ತಕ್ಕೆ ಮಲಗಿದ್ದರು ಎಂದು ಅಪ್ಪ ಹೇಳಿದರು. ನಿದ್ದೆಯಲ್ಲಿ ಆದರೆ ಮಲಗಿದ ಹೊತ್ತಿನಿಂದಲೇ ಲೆಕ್ಕ. ಒಂಬತ್ತೂವರೆ ಗಂಟೆ ದಾಟಿಹೋಯಿತು ಎಂದರು ಡಾಕ್ಟರ್. ನಾನು ಫೋನಿನಲ್ಲಿದ್ದೆ. "ಅಪ್ಪ, ಮಧ್ಯದಲ್ಲಿ ಅಮ್ಮ ಎದ್ದಿದ್ದರಾ? ಸರಿಯಾಗಿ ನೆನಪು ಮಾಡಿಕೊಳ್ಳಿ" ಎಂದೆ. ಅಪ್ಪ ಯೋಚನೆ ಮಾಡಿ ಹೇಳಿದರು. ನಾಲ್ಕೂವರೆಗೆ ಅಮ್ಮ ಬಚ್ಚಲಿಗೆ ಹೋಗಿ ಬಂದು, ಅಪ್ಪನಿಗೆ ನೀರು ಕೊಟ್ಟು, "ಮಳೆ ನಿಂತಿತೇನೋ, ನಾಯಿ ಸುಮ್ಮನಾಗಿದೆ" ಎಂದಿದ್ದರಂತೆ. ನಡೆದಿದ್ದಾರೆ, ಲೋಟ ಹಿಡಿದಿದ್ದಾರೆ, ಮಾತಾಡಿದ್ದಾರೆ. ಗಡಿಯಾರ ಹತ್ತರಿಂದ ನಾಲ್ಕೂವರೆಗೆ ಬಂತು. 8:25ಕ್ಕೆ ಇಂಜೆಕ್ಷನ್ ಆಯಿತು. ಇವತ್ತು ಅಮ್ಮ ಕೋಲು ಹಿಡಿದು ಗದ್ದೆ ಅಂಚಿನವರೆಗೆ ಹೋಗಿ ಬರುತ್ತಾರೆ.

ಅಪ್ಪನನ್ನು ಮನೆಯಲ್ಲೇ ಬಿಟ್ಟು ಬರುತ್ತೇವೆ ಎಂದು ಪಕ್ಕದ ಮನೆಯವರು ಹೇಳಿದ್ದರು. ಕಾರಲ್ಲಿ ಜಾಗ ಇತ್ತು, ಅದಕ್ಕೇ ಅಪ್ಪನೂ ಹತ್ತಿದರು. ಅವರು ಬರದಿದ್ದರೆ ಆ ನಾಲ್ಕೂವರೆಯನ್ನು ಹೇಳುವವರು ಯಾರೂ ಇರುತ್ತಿರಲಿಲ್ಲ.

ತುರ್ತು ವಾರ್ಡ್ | ಚಿಕ್ಕಮಗಳೂರು | ಮಂಗಳವಾರ ಸಂಜೆ 5:50

ಒಳ್ಳೆಯ ಕೆಲಸ ಮಾಡಿದ್ದೀರಿ. ಯಾರಿಗೂ ನೆನಪಾಗದೇ ಇದ್ದರೂ ದಾರಿ ಪೂರ್ತಿ ಮುಚ್ಚುವುದಿಲ್ಲ. ಎಂ.ಆರ್.ಐ.ನಲ್ಲಿ ಎರಡು ಬಗೆಯ ಚಿತ್ರ ಹೋಲಿಸಿ ಪೆಟ್ಟು ಹೊಸದೇ ಹಳೆಯದೇ ಎಂದು ಅಂದಾಜು ಮಾಡಬಹುದು. 2018ರ ವೇಕ್-ಅಪ್ ಎಂಬ ಅಧ್ಯಯನದಲ್ಲಿ ಹಾಗೆ ಆರಿಸಿ ಔಷಧಿ ಕೊಟ್ಟವರಲ್ಲಿ ಶೇ. 53 ಜನ ಚೆನ್ನಾಗಿ ಚೇತರಿಸಿದರು, ಕೊಡದವರಲ್ಲಿ ಶೇ. 42.

ಕಳಸದ ಕಡೆ | ಕಳಸ | ಮಂಗಳವಾರ ರಾತ್ರಿ 8:15

ನಮ್ಮ ಕಡೆಯಿಂದ ನಾಲ್ಕೂವರೆ ಗಂಟೆಯಲ್ಲಿ ಆಗುತ್ತದೆಯೇ ಎಂಬುದೇ ಅನುಮಾನ. ಮಳೆಗಾಲದಲ್ಲಿ ಮರ ಬಿದ್ದರೆ ಅಲ್ಲೇ ಕಾಯಬೇಕು. ಸಮಯ ಮೀರಿದ ಮೇಲೆ ಅಷ್ಟು ದೂರ ಹೋಗಿ ಪ್ರಯೋಜನ ಏನು ಎಂದು ನಮ್ಮಲ್ಲಿ ಬಹಳ ಜನ ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ನಮ್ಮ ದೊಡ್ಡಮ್ಮನನ್ನು ಹಾಗೇ ಇಟ್ಟುಕೊಂಡೆವು. ಅದು ಸರಿಯೇ?

ತುರ್ತು ವಾರ್ಡ್ | ಚಿಕ್ಕಮಗಳೂರು | ಮಂಗಳವಾರ ರಾತ್ರಿ 10:40

ಸರಿಯಲ್ಲ. ಖಂಡಿತ ಹೋಗಬೇಕು. ಯಾಕೆ ಎಂದು ಬಿಡಿಸಿ ಹೇಳುತ್ತೇನೆ.

ದೊಡ್ಡ ನಾಳ ಮುಚ್ಚಿದ್ದರೆ ಇಂಜೆಕ್ಷನ್ ಒಂದೇ ಅಲ್ಲ, ತೊಡೆಯ ಹತ್ತಿರದ ನಾಳದಿಂದ ಸಣ್ಣ ಕೊಳವೆ ಏರಿಸಿ ಹೆಪ್ಪನ್ನೇ ಎಳೆದು ತೆಗೆಯುವ ಚಿಕಿತ್ಸೆ ಇದೆ. ಥ್ರಾಂಬೆಕ್ಟಮಿ ಎನ್ನುತ್ತಾರೆ. 2015ರಲ್ಲಿ ಒಂದರ ಹಿಂದೆ ಒಂದು ಐದು ಅಧ್ಯಯನ ಬಂದು ಇದನ್ನು ಗಟ್ಟಿ ಮಾಡಿದವು. ಐದೂ ಸೇರಿ 1,287 ರೋಗಿಗಳು. ಮೂರು ತಿಂಗಳಾದ ಮೇಲೆ ಬೇರೆಯವರ ಸಹಾಯ ಇಲ್ಲದೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಿದ್ದವರು ಶೇ. 46. ಆ ಚಿಕಿತ್ಸೆ ಸಿಗದವರಲ್ಲಿ ಶೇ. 26.5. ಮೊದಲು ಆರು ಗಂಟೆಯೊಳಗೆ ಎನ್ನುತ್ತಿದ್ದರು. 2018ರ ಡಾನ್ ಅಧ್ಯಯನದಲ್ಲಿ 6ರಿಂದ 24 ಗಂಟೆ ಆದವರನ್ನು ತೆಗೆದುಕೊಂಡರು. ಆದರೆ ಎಲ್ಲರನ್ನೂ ಅಲ್ಲ. ಕೈಕಾಲು, ಮಾತಿನ ತೊಂದರೆ ದೊಡ್ಡದಿದ್ದರೂ ಸ್ಕ್ಯಾನ್‌ನಲ್ಲಿ ಸತ್ತ ಭಾಗ ಚಿಕ್ಕದು, ಅಂದರೆ ಉಳಿಸಬಹುದಾದ ಭಾಗ ಇನ್ನೂ ಇದೆ ಎಂದು ಕಂಡವರನ್ನು ಮಾತ್ರ. ಅವರಲ್ಲಿ ಶೇ. 49 ಜನ ಸ್ವತಂತ್ರವಾಗಿ ಬದುಕುವಂತಾದರು, ಚಿಕಿತ್ಸೆ ಇಲ್ಲದವರಲ್ಲಿ ಶೇ. 13. ಅದಕ್ಕೇ ಕಳಸದವರು ಸಮಯ ಮೀರಿತು ಎಂದು ನೀವೇ ತೀರ್ಮಾನ ಮಾಡಬೇಡಿ. ಆ ತೀರ್ಮಾನ ಸ್ಕ್ಯಾನ್ ನೋಡಿದವರು ಮಾಡಲಿ.

ಇದನ್ನು ಎಲ್ಲ ಕಡೆ ಮಾಡುವುದಿಲ್ಲ. ನಮ್ಮ ಜಿಲ್ಲೆಯವರು ಬಹುಪಾಲು ಬೆಂಗಳೂರು, ಮಂಗಳೂರು, ಮಣಿಪಾಲದ ಕಡೆ ಹೋಗಬೇಕಾಗುತ್ತದೆ. ಹಾಗೆಂದು ಮೊದಲೇ ಅಲ್ಲಿಗೆ ಓಡುವುದೂ ಬೇಡ. ದಾರಿಯಲ್ಲಿ ಸಿ.ಟಿ. ಮತ್ತು ಇಂಜೆಕ್ಷನ್ ಇರುವ ಊರು ಸಿಕ್ಕಿದರೆ ಅಲ್ಲಿ ಕೊಡಿಸಿಕೊಂಡು ಮುಂದೆ ಹೋಗಬಹುದು. ಆಲ್ಟಿಪ್ಲೇಸ್ ಆದರೆ ಒಂದು ಗಂಟೆ ಡ್ರಿಪ್‌ನಲ್ಲಿ ಹೋಗಬೇಕು. ಟೆನೆಕ್ಟಿಪ್ಲೇಸ್ ಎಂಬ ಅದೇ ಬಗೆಯ ಇನ್ನೊಂದು ಔಷಧಿ ಒಂದೇ ಚುಚ್ಚಿಗೆ ಮುಗಿಯುತ್ತದೆ. ಆಂಬುಲೆನ್ಸಿನಲ್ಲಿ ಮುಂದೆ ಕಳಿಸುವವರಿಗೆ ಅದು ದೊಡ್ಡ ಅನುಕೂಲ.

ಎರಡೂ ಆಗದಿದ್ದರೂ ಆಸ್ಪತ್ರೆ ಬೇಕು. ನುಂಗುವ ಪರೀಕ್ಷೆ, ಸಕ್ಕರೆ ಮತ್ತು ಜ್ವರದ ಮೇಲೆ ನಿಗಾ, ಮೆದುಳು ಊದಿದರೆ ಆಪರೇಷನ್, ಇನ್ನೊಮ್ಮೆ ಆಗದಂತೆ ಔಷಧಿ. ಇದರಿಂದ ಉಳಿದ ಜೀವ ಬಹಳ ಇವೆ.

ಕಾಫಿ ಕಣ | ಮೂಡಿಗೆರೆ ತಾಲ್ಲೂಕು | ಬುಧವಾರ ಬೆಳಿಗ್ಗೆ 6:55

ಅಪ್ಪನಿಗೂ ನಾಳದ ಸ್ಕ್ಯಾನ್ ಮಾಡಿದ್ದರು. ಮುಚ್ಚಿದ್ದು ಸಣ್ಣ ಕವಲು, ಕೊಳವೆ ಹೋಗುವುದಿಲ್ಲ ಎಂದರು. ಅವರಿಗೆ ಇದ್ದದ್ದು ಇಂಜೆಕ್ಷನ್ ಒಂದೇ.

ಡಾಕ್ಟರ್, ನನ್ನನ್ನು ಕೊರೆಯುತ್ತಿರುವ ಪ್ರಶ್ನೆ ಇದು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಹಾರ್ಟ್ ಅಟ್ಯಾಕ್‌ಗೆ ಟೆನೆಕ್ಟಿಪ್ಲೇಸ್ ಉಚಿತವಾಗಿ ಕೊಡುತ್ತಾರೆ. ನೀವು ಹೇಳಿದ ಔಷಧಿಯೂ ಅದೇ. ಹತ್ತಿರದಲ್ಲೇ ಅದೇ ಔಷಧಿ ಇರುವಾಗ ನಾವು ಯಾಕೆ ಹಾಸನಕ್ಕೆ ಹೋಗಬೇಕಾಯಿತು?

ತುರ್ತು ವಾರ್ಡ್ | ಚಿಕ್ಕಮಗಳೂರು | ಬುಧವಾರ ಮಧ್ಯಾಹ್ನ 2:20

ಔಷಧಿ ಅದೇ. ಆದರೆ ಹೃದಯಕ್ಕೆ ಇ.ಸಿ.ಜಿ. ಸಾಕು. ಅದನ್ನು ತಾಲ್ಲೂಕಿನಲ್ಲಿ ತೆಗೆದು ಜಯದೇವ ಆಸ್ಪತ್ರೆಯ ತಜ್ಞರಿಗೆ ತೋರಿಸಿ ಅಲ್ಲೇ ಕೊಡಬಹುದು. ಮೆದುಳಿಗೆ ಸಿ.ಟಿ. ಆಗದೆ ಕೊಡುವಂತಿಲ್ಲ. ನಾಳ ಒಡೆದು ಆದ ಲಕ್ವಕ್ಕೆ ಕೊಟ್ಟರೆ ಜೀವ ಹೋಗುತ್ತದೆ. ಪ್ರಮಾಣವೂ ಬೇರೆ, ಹೃದಯಕ್ಕೆ ಕೊಡುವುದರ ಅರ್ಧದಷ್ಟು. ಹಾಗಾಗಿ ನಮ್ಮ ಕೊರತೆ ಔಷಧಿಯದ್ದಲ್ಲ. ರಾತ್ರಿ ಹಗಲು ನಡೆಯುವ ಸ್ಕ್ಯಾನ್ ಯಂತ್ರ, ಅದನ್ನು ನಡೆಸುವ ಟೆಕ್ನಿಷಿಯನ್, ಚಿತ್ರವನ್ನು ಫೋನಿನಲ್ಲೇ ನೋಡಿ ಹೇಳುವ ತಜ್ಞರು, ಈ ಮೂರೂ ಹತ್ತಿರ ಬರಬೇಕು. 2025ರ ಜೂನ್, ಜುಲೈನಲ್ಲಿ ಹಾಸನದ ಹಾರ್ಟ್ ಅಟ್ಯಾಕ್ ಸುದ್ದಿ ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಸಾಲು ನಿಂತರು. ಹೃದಯದ ಬಗ್ಗೆ ನಮಗೆ ಭಯ ಇದೆ, ಭಯದಿಂದ ಓಡುತ್ತೇವೆ. ಲಕ್ವಕ್ಕೆ ನೋವಿಲ್ಲ. ನೋವಿಲ್ಲದ್ದರಿಂದ ಮಲಗಿಸುತ್ತೇವೆ.

ಹಳ್ಳಿ ಮದ್ದು | ಕಡೂರು ಕಡೆ | ಬುಧವಾರ ಸಂಜೆ 6:30

ಲಕ್ವಕ್ಕೆ ನಾಟಿ ಔಷಧಿ ಇದೆ. ಪಾರಿವಾಳದ ರಕ್ತ ಹಚ್ಚಿ, ಬೇರು ಅರೆದು ಕೊಟ್ಟು ಮೂರು ದಿನ ಗಾಳಿ ಆಡದ ಕೋಣೆಯಲ್ಲಿ ಮಲಗಿಸುತ್ತಾರೆ. ನಮ್ಮ ಮಾವನಿಗೆ ಹಾಗೇ ವಾಸಿಯಾಯಿತು. ಕೊಡುವವರ ನಂಬರ್ ಇಲ್ಲಿದೆ.

ನಿರ್ವಾಹಕರು | ಬುಧವಾರ ಸಂಜೆ 6:52

ನಂಬರ್ ತೆಗೆದಿದ್ದೇವೆ. ಉಳಿದದ್ದನ್ನು ಚರ್ಚೆಗಾಗಿ ಬಿಟ್ಟಿದ್ದೇವೆ.

ರಾತ್ರಿ ಪಾಳಿ | ಹಾಸನ | ಬುಧವಾರ ರಾತ್ರಿ 7:30

ಅಣ್ಣ, ನಿಮ್ಮ ಮಾವನಿಗೆ ಎಷ್ಟು ಹೊತ್ತಿನಲ್ಲಿ ಸರಿಯಾಯಿತು? ಮೂರು ದಿನ ಮಲಗಿಸಿ ನಾಲ್ಕನೇ ದಿನ ನಮ್ಮ ಹತ್ತಿರ ಬಂದವರನ್ನು ನಾನು ನೋಡಿದ್ದೇನೆ. ಅಷ್ಟರಲ್ಲಿ ಮೆದುಳು ಊದಿ ಪ್ರಜ್ಞೆ ಹೋಗಿರುತ್ತದೆ. ನಿಮ್ಮನ್ನು ಬೈಯಲು ಕೇಳುತ್ತಿಲ್ಲ, ನಿಜವಾಗಿ ತಿಳಿಯಲು ಕೇಳುತ್ತಿದ್ದೇನೆ.

ಹಳ್ಳಿ ಮದ್ದು | ಕಡೂರು ಕಡೆ | ಬುಧವಾರ ರಾತ್ರಿ 8:05

ಬೆಳಿಗ್ಗೆ ಬಾಯಿ ಸೊಟ್ಟಾಗಿ ಕೈ ಬಿದ್ದಿತ್ತು. ಮದ್ದಿನವರ ಹತ್ತಿರ ಹೋಗುವ ಹೊತ್ತಿಗೇ ಸ್ವಲ್ಪ ಸರಿಯಾಗಿತ್ತು. ಮಧ್ಯಾಹ್ನಕ್ಕೆ ಊಟ ಮಾಡಿದರು. ಎರಡು ವಾರಕ್ಕೆ ಮತ್ತೆ ಆಯಿತು. ಆ ಸಲ ಉಳಿಯಲಿಲ್ಲ.

ತುರ್ತು ವಾರ್ಡ್ | ಚಿಕ್ಕಮಗಳೂರು | ಬುಧವಾರ ರಾತ್ರಿ 9:15

ಕೇಳಿ ಬಹಳ ಬೇಸರವಾಯಿತು. ಮೊದಲ ಸಲ ಆದದ್ದು ಬಹುಶಃ ಟಿ.ಐ.ಎ., ಅಂದರೆ ಸ್ವಲ್ಪ ಹೊತ್ತು ಮಾತ್ರ ಇದ್ದು ಹೋಗುವ ಲಕ್ವ. ಹೆಪ್ಪು ಬಂದು ನಿಂತು ತಾನಾಗಿ ಕರಗಿರುತ್ತದೆ. ಯಾರು ಯಾವ ಮದ್ದು ಕೊಟ್ಟಿದ್ದರೂ ಸರಿಯಾಗುತ್ತಿತ್ತು. ಆದರೆ ಅದು ಬಾಗಿಲು ತಟ್ಟಿದ ಹಾಗೆ. ಇಂಥವರನ್ನು ಹಿಂಬಾಲಿಸಿ ನೋಡಿದ ಒಂದು ದೊಡ್ಡ ಅಧ್ಯಯನದಲ್ಲಿ ಹತ್ತರಲ್ಲಿ ಒಬ್ಬರಿಗೆ ಮೂರು ತಿಂಗಳೊಳಗೆ ಪೂರ್ತಿ ಲಕ್ವ ಆಯಿತು, ಅದರಲ್ಲಿ ಅರ್ಧದಷ್ಟು ಮೊದಲ ಎರಡೇ ದಿನದಲ್ಲಿ. 2007ರಲ್ಲಿ ಇಂಗ್ಲೆಂಡಿನ ಎಕ್ಸ್‌ಪ್ರೆಸ್ ಅಧ್ಯಯನದಲ್ಲಿ ತಕ್ಷಣ ಔಷಧಿ ಶುರು ಮಾಡಿದಾಗ ಮೂರು ತಿಂಗಳ ಈ ಅಪಾಯ ಶೇ. 10.3ರಿಂದ 2.1ಕ್ಕೆ ಇಳಿಯಿತು. ಹತ್ತು ನಿಮಿಷದಲ್ಲಿ ಸರಿಹೋದರೂ ಅದೇ ದಿನ ಹೋಗಿ.

ಶಿರಾಡಿ ಸವಾರ | ಸಕಲೇಶಪುರ | ಗುರುವಾರ ಬೆಳಿಗ್ಗೆ 11:00

ಹನ್ನೊಂದು ವರ್ಷದಿಂದ ಆಂಬುಲೆನ್ಸ್ ಓಡಿಸುತ್ತಿದ್ದೇನೆ. ಅಂಗಳದಲ್ಲಿ ಹೋಗುವ ಸಮಯವೇ ಜಾಸ್ತಿ. ದೊಡ್ಡಪ್ಪ ಬರಲಿ, ದುಡ್ಡು ಹೊಂದಿಸೋಣ, ಪಂಚೆ ಬದಲಿಸೋಣ, ಹಣೆಗೆ ವಿಭೂತಿ ಹಚ್ಚೋಣ. ನಾನು ಗಾಡಿ ತಿರುಗಿಸಿ ನಿಲ್ಲಿಸಿ ಕಾಯುತ್ತಿರುತ್ತೇನೆ. ದುಡ್ಡನ್ನು ಹಿಂದಿನಿಂದ ಬೈಕಿನಲ್ಲಿ ಯಾರಾದರೂ ತರಬಹುದು. ಚೆನ್ನಾಗಿದ್ದದ್ದನ್ನು ನೋಡಿದವರು ಮತ್ತು ದಿನಾ ನುಂಗುವ ಮಾತ್ರೆಯ ಚೀಲ, ಇವೆರಡು ಮಾತ್ರ ಗಾಡಿ ಜೊತೆಗೇ ಬರಲಿ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಅದು ಮೊದಲೇ ಗೊತ್ತಾಗಬೇಕು.

108ಕ್ಕೆ ಕರೆ ಮಾಡಿದ ಕೂಡಲೇ ಎಷ್ಟು ಹೊತ್ತಾಗುತ್ತದೆ ಎಂದು ಕೇಳಿ. ಹತ್ತಿರ ಇದ್ದರೆ ಅದೇ ಒಳ್ಳೆಯದು. ಆಕ್ಸಿಜನ್ ಇರುತ್ತದೆ, ಜೊತೆಗೆ ಸಿಬ್ಬಂದಿ ಇರುತ್ತಾರೆ. ದೂರ ಇದೆ ಎಂದರೆ ನಿಮ್ಮ ಗಾಡಿಯಲ್ಲೇ ಹೊರಟು ದಾರಿಯಲ್ಲಿ ಸಿಗಲು ಹೇಳಿ. ವಾಂತಿ, ಗೊರಕೆಯಂಥ ಉಸಿರು, ಎಚ್ಚರ ತಪ್ಪುವುದು ಇದ್ದರೆ ಮಾತ್ರ ಹತ್ತಿರದ ಆಸ್ಪತ್ರೆಯಲ್ಲಿ ಉಸಿರಿನ ದಾರಿ ನೋಡಿಸಿಕೊಂಡು ಮುಂದೆ ಬನ್ನಿ. ಮಗ್ಗುಲಾಗಿ ಮಲಗಿಸಿ. ಚಾರ್ಮಾಡಿ, ಶಿರಾಡಿ ಇಳಿಯುವ ಮೊದಲು ರಸ್ತೆ ತೆರೆದಿದೆಯಾ ಎಂದು ಕೆಳಗಿನವರಿಗೆ ಫೋನ್ ಮಾಡಿ ಕೇಳಿಕೊಳ್ಳಿ. ಜುಲೈ ರಾತ್ರಿ ಮಂಜಿನಲ್ಲಿ ಕೊಟ್ಟಿಗೆಹಾರ ದಾಟಿ ಅರ್ಧಕ್ಕೆ ನಿಂತರೆ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ.

ಕಳಸದ ಕಡೆ | ಕಳಸ | ಶನಿವಾರ ರಾತ್ರಿ 9:00

ಎರಡು ದಿನ ಕೂತು ಫೋನ್ ಮಾಡಿದೆ. ಚಿಕ್ಕಮಗಳೂರಿನ ಕಡೆ, ಕುದುರೆಮುಖದ ಮೇಲೆ ಕೆಳಗಿಳಿದರೆ ಸಿಗುವ ಕಡೆ, ಎಲ್ಲ ಸೇರಿ ಐದು ಆಸ್ಪತ್ರೆ. ಕೇಳಿದ್ದು ಮೂರೇ ಮಾತು. ರಾತ್ರಿ ಎರಡು ಗಂಟೆಗೆ ಸಿ.ಟಿ. ಆಗುತ್ತಾ? ಹೆಪ್ಪು ಕರಗಿಸುವ ಇಂಜೆಕ್ಷನ್ ಈಗ ನಿಮ್ಮಲ್ಲಿ ಇದೆಯಾ? ಕೊಡಲು ತೀರ್ಮಾನ ಮಾಡುವ ಡಾಕ್ಟರ್ ಆ ಹೊತ್ತಿಗೆ ಸಿಗುತ್ತಾರಾ? ಮೂರಕ್ಕೂ ಹೌದು ಎಂದವರು ಇಬ್ಬರು. ಒಂದು ಕಡೆ ಯಂತ್ರ ಇದೆ, ರಾತ್ರಿ ಟೆಕ್ನಿಷಿಯನ್ ಮನೆಯಿಂದ ಬರಬೇಕು ಎಂದರು. ಇನ್ನೊಂದು ಕಡೆ ಇಂಜೆಕ್ಷನ್ ಹೊರಗಿನಿಂದ ತರಿಸಬೇಕು ಎಂದರು. ಕೇಳಿದ್ದಕ್ಕೆ ಯಾರೂ ಸಿಟ್ಟಾಗಲಿಲ್ಲ. ಒಬ್ಬ ಸಿಸ್ಟರ್ ತುರ್ತು ವಿಭಾಗದ ನೇರ ನಂಬರನ್ನೇ ಕೊಟ್ಟರು.

ಆ ಎರಡು ಹೆಸರು ನಮ್ಮ ಕೇರಿಯ ಎಲ್ಲ ಮನೆಗೂ ಬರೆದು ಕೊಟ್ಟಿದ್ದೇನೆ. ಆಗಾಗ ಮತ್ತೆ ಕೇಳಿ ನೋಡಬೇಕು.

ಕಾಫಿ ಕಣ | ಮೂಡಿಗೆರೆ ತಾಲ್ಲೂಕು | ಭಾನುವಾರ ರಾತ್ರಿ 8:20

ಕಳಸದವರೇ, ನಿಮ್ಮ ಮೂರು ಪ್ರಶ್ನೆಯನ್ನು ನಾನೂ ಕೇಳಿದೆ. ಇವತ್ತು ಡ್ರೈವರ್ ಜೊತೆ ತೋಟದ ಕೆಲಸಗಾರರ ಲೈನ್ ಮನೆಯಿಂದ ಹಾಸನದ ಸ್ಕ್ಯಾನ್ ರೂಮಿನ ಬಾಗಿಲವರೆಗೆ ಹೋಗಿ ಬಂದೆವು. ಎಲ್ಲೂ ನಿಲ್ಲಿಸದೆ ಒಂದು ಗಂಟೆ ಮೂವತ್ತೆರಡು ನಿಮಿಷ. ಅಪ್ಪನನ್ನು ಲೋಟ ಜಾರಿದ ಕೂಡಲೇ ಎತ್ತಿಕೊಂಡು ಹೊರಟಿದ್ದರೆ ಎಂಟೂಕಾಲಕ್ಕೆ ಅಲ್ಲಿರುತ್ತಿದ್ದೆವು.

ಸ್ಟೋರಿನ ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದೇನೆ. ಮುಖ ಸೊಟ್ಟ, ಕೈ ಬಲಹೀನ, ಮಾತು ತೊದಲು, ಇದ್ದಕ್ಕಿದ್ದಂತೆ ಕಣ್ಣು ಮಂಜು ಅಥವಾ ತೂರಾಟ. ಕೆಳಗೆ ಗಂಟೆ ಬರೆಯಲು ಜಾಗ, ಅದರ ಕೆಳಗೆ ಎರಡು ನಂಬರ್. ಅಸ್ಸಾಂ ಕಡೆಯ ಕೆಲಸದವರು ಲೈನ್ ಮನೆಯಲ್ಲಿ ಇದ್ದಾರೆ, ಅವರಿಗಾಗಿ ಹಿಂದಿಯಲ್ಲೂ ಬರೆಸಿದೆ. ಸಾಹುಕಾರರು ಒಂದು ವಿಷಯಕ್ಕೆ ಒಪ್ಪಿದರು. ಜೀಪಿನ ಇನ್ನೊಂದು ಕೀ ಇನ್ನು ಬಂಗ್ಲೆಯಲ್ಲಿ ಇರುವುದಿಲ್ಲ. ಸ್ಟೋರಿನ ಒಳಗೆ, ಆ ಕಾಗದದ ಹಿಂದಿನ ಮೊಳೆಯಲ್ಲಿ ತೂಗುಹಾಕಿದ್ದೇವೆ. ಮೇಸ್ತ್ರಿಗೆ ತೋರಿಸಿದ್ದೇನೆ. ಅಮ್ಮನಿಗೂ ತೋರಿಸಿದ್ದೇನೆ.